ಏಣಿಯ ಕೆಳಗೆ ನಿಂತವನು

ಅಣ್ಣ ಏಣಿ ಹತ್ತುತ್ತಿದ್ದಾಗ ನಾನು ಪಂಪ್‌ಹೌಸಿನ ಗೋಡೆಯ ಹಿಂದೆ ನಿಂತು ಬ್ರಾಂದಿ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದೆ.

ಅಣ್ಣ ಅಂದರೆ ಒಡಹುಟ್ಟಿದವನಲ್ಲ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು, ನನ್ನ ಜೊತೆಯ ಲೈನ್‌ಮನ್. ಕಂಬ ಹತ್ತುವುದನ್ನು, ಗಂಟು ಹಾಕುವುದನ್ನು, ತಂತಿ ಎಳೆಯುವುದನ್ನು ನನಗೆ ಕಲಿಸಿದವನೇ ಅವನು. ಹಿಂದಿನ ದಿನದ ಗಾಳಿಗೆ ಕೊಡಿಗೇನಹಳ್ಳಿ ಕಡೆಯ ಒಂದು ಊರಲ್ಲಿ ತಂತಿ ಹರಿದುಬಿದ್ದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಇಬ್ಬರೂ ಅಲ್ಲಿಗೆ ಹೋಗಿದ್ದೆವು. ಟ್ರಾನ್ಸ್‌ಫಾರ್ಮರಿನ ಸ್ವಿಚ್ ಇಳಿಸಿದ್ದಾಯಿತು. ಇನ್ನು ಉಳಿದಿದ್ದು ನನ್ನ ಕೆಲಸ ಒಂದೇ. ಸರಪಳಿಯ ಒಂದು ತುದಿಯನ್ನು ನೆಲಕ್ಕೆ ಹೊಡೆದ ಸಲಾಕೆಗೆ ಕಟ್ಟಿ, ಇನ್ನೊಂದನ್ನು ಉದ್ದ ಕೋಲಿನ ಕೊಕ್ಕೆಯಿಂದ ತಂತಿಗಳಿಗೆ ಸಿಕ್ಕಿಸುವುದು. ಇದಕ್ಕೆ ನಾವು ಅರ್ಥ್ ಹಾಕೋದು ಅಂತೀವಿ. ಆಮೇಲೆ ಯಾವ ಮನೆಯ ಕಡೆಯಿಂದ ಕರೆಂಟು ಹಿಂದಕ್ಕೆ ನುಗ್ಗಿದರೂ ಅದು ನೆಲಕ್ಕೆ ಹೋಗುತ್ತದೆ, ಮೇಲಿರುವ ಮನುಷ್ಯನ ಮೈಗೆ ಬರುವುದಿಲ್ಲ.

ಪಂಪ್‌ಹೌಸಿನಾಚೆಯ ಕಂಬಕ್ಕೆ ಅದನ್ನು ಹಾಕಬೇಕಿತ್ತು. ಆದರೆ ನನ್ನ ಕೈ ನಡುಗುತ್ತಿತ್ತು. ಬೆಳಿಗ್ಗೆಯಿಂದ ಒಂದು ಗುಟುಕೂ ಬಿದ್ದಿರಲಿಲ್ಲ. ಮೊದಲು ಅದೊಂದು ಒಳಗೆ ಹೋಗಲಿ, ಆಮೇಲೆ ಎರಡು ನಿಮಿಷದಲ್ಲಿ ಸರಪಳಿ ಹಾಕಿದರಾಯಿತು ಅಂದುಕೊಂಡೆ.

"ಆಯ್ತೇನ್ಲಾ?" ಅಣ್ಣ ಆ ಕಡೆಯಿಂದ ಕೂಗಿದ.

"ಆಯ್ತಣ್ಣ, ಹತ್ತು" ಅಂದೆ.

ಪ್ಯಾಕೆಟ್ಟು ಇನ್ನೂ ಅರ್ಧ ಇತ್ತು. ಅಣ್ಣ ಒಂದು ಸಲ ಕೂಗಿದ. ಅದು ಮನುಷ್ಯನ ಕೂಗಿನಂತಿರಲಿಲ್ಲ. ಓಡಿ ಬಂದು ನೋಡಿದರೆ ಸೊಂಟದ ಬೆಲ್ಟಿನಲ್ಲಿ ಹಿಂದಕ್ಕೆ ಬಾಗಿ ನೇತಾಡುತ್ತಿದ್ದ. ಬಲಗೈ ತಂತಿಗೆ ಕಚ್ಚಿಕೊಂಡಿತ್ತು. ಪಕ್ಕದ ಛತ್ರದಲ್ಲಿ ಜನರೇಟರ್ ಸದ್ದು ಕೇಳುತ್ತಿತ್ತು. ಸಂಜೆಯ ಆರತಕ್ಷತೆಗೆ ಅಡುಗೆ ಶುರುವಾಗಿತ್ತು, ರುಬ್ಬೋಕೆ ಅಂತ ಯಾರೋ ಅದನ್ನು ಹಾಕಿದ್ದರು. "ಆಫ್ ಮಾಡ್ರೋ!" ಅಂತ ನಾನು ಗಂಟಲು ಹರಿಯುವಂತೆ ಕಿರುಚಿದೆ. ಸದ್ದು ನಿಂತಿತು. ಅಣ್ಣನ ಕೈ ತಂತಿಯಿಂದ ಬಿಟ್ಟು ಜೋತುಬಿತ್ತು.

ಛತ್ರದ ನಾಲ್ಕು ಜನ ಬಂದು ಹಗ್ಗ ಕಟ್ಟಿ ಇಳಿಸಿದರು. ಉಸಿರಿತ್ತು. ಬೆರಳು ಕರಕಲಾಗಿದ್ದವು. ಲಗೇಜ್ ಆಟೋದಲ್ಲಿ ಮಲಗಿಸಿ ಮಧುಗಿರಿ ಆಸ್ಪತ್ರೆಗೆ ಹೊರಟರು. "ನೀನೂ ಹತ್ತಪ್ಪಾ" ಅಂದರು.

"ನೀವು ನಡೀರಿ, ನಾನು ಸಾಹೇಬ್ರಿಗೆ ಫೋನ್ ಮಾಡಿ ಬತ್ತೀನಿ" ಅಂದೆ.

ಆಟೋ ತಿರುವು ದಾಟಿತು. ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕಷ್ಟ. ಪಂಪ್‌ಹೌಸಿನ ಹಿಂದೆ ಹೋಗಿ, ಸಲಾಕೆ ಹೊಡೆದು, ಕೋಲು ಎತ್ತಿ, ತಂತಿಗೆ ಸರಪಳಿ ಸಿಕ್ಕಿಸಿದೆ. ನೆಲಕ್ಕೆ ಬಿದ್ದಿದ್ದ ಪ್ಯಾಕೆಟ್ಟನ್ನು ಬಾವಿಗೆ ಎಸೆದೆ. ನಮ್ಮ ಆಫೀಸಿನ ಸಾಹೇಬರು ಬಂದು ನೋಡುವ ಹೊತ್ತಿಗೆ ಎಲ್ಲ ನಿಯಮದ ಪ್ರಕಾರವೇ ಇತ್ತು.

"ಹಾಕಿದ್ದೆ ಸಾರ್" ಅಂದೆ. ಸರಪಳಿ ಹಳೆಯದು, ಕೊಕ್ಕೆ ಸರಿಯಾಗಿ ಕಚ್ಚಿಲ್ಲ ಅಂತ ಅವರು ಬರೆದುಕೊಂಡರು. ಜನರೇಟರನ್ನು ತಪ್ಪಾಗಿ ಜೋಡಿಸಿದ್ದ ಛತ್ರದ ಮಾಲೀಕನ ಮೇಲೆ ಊರೆಲ್ಲ ಉಗಿಯಿತು. ಅವನದೂ ತಪ್ಪಿತ್ತು, ಸುಳ್ಳಲ್ಲ. ಆ ತಪ್ಪಿನ ಹಿಂದೆ ನಾನು ಬಚ್ಚಿಟ್ಟುಕೊಂಡೆ.

ಅಣ್ಣನ ಜೀವ ಉಳಿಯಿತು. ಬಲಗೈಯ ಮೂರು ಬೆರಳು ಉಳಿಯಲಿಲ್ಲ.

ಆಮೇಲಿನ ಐದಾರು ತಿಂಗಳು ನಾನು ಕುಡಿದಷ್ಟು ಯಾವತ್ತೂ ಕುಡಿದಿರಲಿಲ್ಲ. ಕೊರಟಗೆರೆಯಲ್ಲಿ ನಮ್ಮ ಮನೆ. ಬೆಳಿಗ್ಗೆ ಬಸ್ಸು ಹತ್ತುವ ಮೊದಲೇ ಒಂದು ಒಳಗಿಳಿಯಬೇಕಿತ್ತು. ನೆಪಗಳಿಗೆ ಬರವಿರಲಿಲ್ಲ. ನಮ್ಮಪ್ಪ ಕುಡಿದೇ ಸತ್ತ, ಅದು ರಕ್ತದಲ್ಲೇ ಐತೆ. ಕಂಬ ಹತ್ತೋ ಕೆಲಸ, ಕುಡೀದೆ ಯಾವನಿಗೆ ಧೈರ್ಯ ಬತ್ತದೆ? ಜನರೇಟರ್ ಹಾಕಿದೋನು ನಾನಲ್ಲ. ನಾನು ಹುಟ್ಟಿದ್ದೇ ಇಂಗೆ. ಈ ಕೊನೆಯದು ಎಲ್ಲಕ್ಕಿಂತ ಹಿತವಾದ ಸುಳ್ಳು. ಹುಟ್ಟಿದ್ದೇ ಹಾಗೆ ಅಂದಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲವಲ್ಲ!

ಒಂದು ದಿನ ನನ್ನ ಹೆಂಡತಿ ರೊಟ್ಟಿ ತಟ್ಟುತ್ತಾ, ತಿರುಗಿ ಕೂಡ ನೋಡದೆ ಹೇಳಿದಳು: "ಆವಯ್ಯ ನಿಮ್ಗೆ ಕೆಲ್ಸ ಕಲಿಸಿದೋನು. ಇಷ್ಟು ದಿನ ಆಯ್ತು, ಮನೆಗೋಗಿ ಒಂದ್ಸಲ ನೋಡ್ಕಂಡು ಬರ್ಲಿಲ್ಲ ನೀವು. ಯಾಕೆ?"

ನಾನು ಸಿಡುಕಿ ಎದ್ದುಹೋದೆ. ಆದರೆ ಆ 'ಯಾಕೆ' ನನ್ನನ್ನು ಬಿಡಲಿಲ್ಲ. ಆ ಭಾನುವಾರ ಸಿರಾ ಬಸ್ಸು ಹತ್ತಿದೆ.

ಅಣ್ಣನ ಊರು ಹುಲಿಕುಂಟೆ ಕಡೆ. ನಾನು ಹೋದಾಗ ಜಗುಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಬಲಗೈ ತೊಡೆಯ ಮೇಲಿತ್ತು. ಒಳಗೆ ಗೋಡೆಯಲ್ಲಿ ಬುದ್ಧನ ಪಟ. ಅವರ ಮನೆಯವರೆಲ್ಲ ಬಹಳ ವರ್ಷದ ಹಿಂದೆಯೇ ಬೌದ್ಧರಾದವರು. ಆದರೆ ಅಣ್ಣ ಹೀಗೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅತ್ತಿಗೆ ಬಾಗಿಲಲ್ಲಿ ನಿಂತು, ಸುಮ್ಮನಿರು ಅಂತ ಸನ್ನೆ ಮಾಡಿದರು. ಅಂಗಳದಲ್ಲೇ ನಿಂತೆ. ಹತ್ತು ನಿಮಿಷವಾದ ಮೇಲೆ ಕಣ್ಣು ತೆರೆದ.

"ಬಂದ್ಯೇನ್ಲಾ, ಕೂತ್ಕ" ಅಂದ. ದೂರಲಿಲ್ಲ. ಆಮೇಲೆ ಕೈ ಎತ್ತಿ ತೋರಿಸಿದ. "ಇಲ್ದೇ ಇರೋ ಬೆರಳು ನೋಯ್ತದೆ ಕಣ್ಲಾ. ಬೆಂಕಿ ಇಟ್ಟಂಗಾಯ್ತದೆ. ಡಾಕ್ಟ್ರು ಅಂಗಾಯ್ತದೆ ಅಂದ್ರು, ಮಾತ್ರೆ ಕೊಟ್ರು. ಅರ್ಧ ಕಮ್ಮಿಯಾಯ್ತು. ಉಳಿದರ್ಧಕ್ಕೆ ನಮ್ಮೂರ ರಿಟೈರ್ಡ್ ಮೇಷ್ಟ್ರು ಇದನ್ನ ಹೇಳ್ಕೊಟ್ರು. ಉಸ್ರು ಒಳಗೋದ್ರೆ ಒಳಗೋಯ್ತು ಅನ್ನು, ಈಚೆ ಬಂದ್ರೆ ಬಂತು ಅನ್ನು. ನೋವು ಬಂದ್ರೆ ಓಡಬ್ಯಾಡ, ಬೈಬ್ಯಾಡ. ಎಲ್ಲಿಂದ ಶುರುವಾಯ್ತದೆ, ಎಲ್ಲೀಗಂಟ ಹೋಯ್ತದೆ, ಅದನ್ನೇ ನೋಡು."

"ನೋಡಿದ್ರೆ ಹೋಯ್ತದಾ ಅಣ್ಣ?"

"ಹೋಗಲ್ಲ. ಆದ್ರೆ ನಾನೇ ನೋವು ಅನ್ನೋದು ಹೋಯ್ತದೆ." ಆಮೇಲೆ ನನ್ನ ಮುಖ ನೋಡಿ, "ಬಾಯಿ ವಾಸ್ನೆ ಬತ್ತೈತೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೇ? ನಿನ್ನೂ ಏನೋ ಸುಡ್ತೈತೆ ಕಣ್ಲಾ. ಬಾ, ಕೂತ್ಕ" ಅಂದ.

ಅವನ ಪಕ್ಕ ಕೂತು ಕಣ್ಣು ಮುಚ್ಚಿದೆ. ಎರಡು ಉಸಿರಿಗೇ ಪಂಪ್‌ಹೌಸಿನ ಗೋಡೆ ಕಾಣಿಸಿತು. ಎದ್ದು, ಬಸ್ಸಿಗೆ ಹೊತ್ತಾಯಿತು ಅಂತ ಹೇಳಿ ಹೊರಟುಬಿಟ್ಟೆ.

ಆದರೂ ಮುಂದಿನ ಭಾನುವಾರ ಮತ್ತೆ ಹೋದೆ. ಅಣ್ಣ ಮೊದಲು ಆಸ್ಪತ್ರೆಗೆ ಕಳಿಸಿದ. "ನೀನು ಕುಡಿಯೋ ಅಳತೆಗೆ ಒಂದೇ ಸಲ ನಿಲ್ಲಿಸಿದ್ರೆ ಫಿಟ್ಸ್ ಬಂದು ಸಾಯ್ತೀಯ. ಡಾಕ್ಟ್ರಿಗೆ ಸುಳ್ಳು ಹೇಳ್ಬ್ಯಾಡ, ಇದ್ದದ್ದು ಇದ್ದಂಗೆ ಹೇಳು" ಅಂದ. ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಒಂದು ವಾರ ಮೈಯೆಲ್ಲ ಅದುರುತ್ತಾ ಮಲಗಿದೆ. ಗೋಡೆಯಲ್ಲಿ ಇರುವೆ ಹರಿದಂತೆ ಕಾಣುತ್ತಿತ್ತು, ಮುಟ್ಟಿದರೆ ಏನೂ ಇರುತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು.

ಬಿಟ್ಟ ಮೂರನೇ ವಾರದ ಒಂದು ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಮಧುಗಿರಿ ಬಸ್ ನಿಲ್ದಾಣದ ಬಳಿ ಕಾಲು ತಾನಾಗಿ ಅಂಗಡಿಯ ಕಡೆ ತಿರುಗಿತು. ಕೊಂಡೂಬಿಟ್ಟೆ. ಪ್ಯಾಕೆಟ್ಟನ್ನು ಅಂಗಿಯೊಳಗೆ ತುರುಕಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಒಂದೇ ಒಂದು, ಇವತ್ತೊಂದು ದಿನ. ಯಾರಿಗೂ ಗೊತ್ತಾಗಲ್ಲ. ಕೈ ಅಂಗಿಯೊಳಗೆ ಹೋಯಿತು. ಅಣ್ಣ ಹೇಳಿದ್ದನ್ನು ಬೇರೆ ದಾರಿ ಇಲ್ಲದೆ ಮಾಡಿದೆ. ಈ ಆಸೆ ಎಲ್ಲಿಂದ ಶುರುವಾಗುತ್ತಿದೆ? ನಾಲಿಗೆಯ ಬುಡದಿಂದ. ಎಲ್ಲಿಗೆ ಹೋಗುತ್ತಿದೆ? ಹೊಟ್ಟೆಗೆ, ಅಲ್ಲಿಂದ ಕೈಗೆ. ಏರಿತು. ಇನ್ನೂ ಏರಿತು. ಈಗ ತಡೆಯಲಾರೆ ಅನ್ನಿಸಿತು. ತಡೆಯಲಿಲ್ಲ, ಸುಮ್ಮನೆ ನೋಡಿದೆ. ಪಕ್ಕದ ಹೆಂಗಸು, "ಏನಾಯ್ತಣ್ಣ, ಹುಷಾರಿಲ್ವಾ?" ಅಂದರು. ತಲೆ ಅಲ್ಲಾಡಿಸಿದೆ. ಬಸ್ಸು ಹೊರಟು ದೂರ ಬಂದ ಮೇಲೆ ನೋಡಿದರೆ ಅದು ಇಳಿಯುತ್ತಿತ್ತು. ನಾನು ಕುಡಿದಿರಲಿಲ್ಲ, ಸತ್ತೂ ಇರಲಿಲ್ಲ. ದಾರಿಯಲ್ಲೇ ಇಳಿದು ಪ್ಯಾಕೆಟ್ಟನ್ನು ಕಲ್ಲಿನಿಂದ ಜಜ್ಜಿ ಮಣ್ಣಿಗೆ ಸುರಿದೆ. ರಕ್ತದಲ್ಲೇ ಐತೆ ಅನ್ನುವ ಮಾತು ಅವತ್ತು ಅರ್ಧ ಸತ್ತಿತು. ಆಸೆ ಬರುವುದು ನನ್ನ ಕೈಯಲ್ಲಿಲ್ಲದಿರಬಹುದು, ಹರಿದು ಬಾಯಿಗಿಡುವ ಕೈ ಮಾತ್ರ ನನ್ನದೇ.

ಆದರೆ ತಲೆ ತಿಳಿಯಾದಷ್ಟೂ ಇನ್ನೊಂದು ಕಷ್ಟ ಶುರುವಾಯಿತು. ಭಾನುವಾರ ಭಾನುವಾರ ಅವನ ಪಕ್ಕದಲ್ಲಿ ಕೂರುತ್ತಿದ್ದೆ. ನನ್ನ ಸುಳ್ಳಿನಿಂದ ಬೆರಳು ಕಳೆದುಕೊಂಡವನಿಂದಲೇ ಬದುಕುವುದನ್ನು ಕಲಿಯುತ್ತಿದ್ದೆ. ಉಸಿರು ಒಳಗೆ ಹೋದರೆ ಪಂಪ್‌ಹೌಸು, ಹೊರಗೆ ಬಂದರೆ ಸರಪಳಿ. ನೋಡುತ್ತಾ ಕೂತರೆ ಕರಗುವಂಥದ್ದಲ್ಲ ಅದು. ಅದಕ್ಕೆ ಬಾಯಿ ಬಿಡಲೇಬೇಕಿತ್ತು. ಪ್ರತಿ ವಾರವೂ ಇವತ್ತು ಹೇಳುತ್ತೇನೆ ಅಂತ ಹೋಗಿ, ಅತ್ತಿಗೆ ಕೊಟ್ಟ ಕಾಫಿ ಕುಡಿದು ವಾಪಸು ಬರುತ್ತಿದ್ದೆ. ಮುಂದಿನ ವಾರ, ಮುಂದಿನ ವಾರ. ಕುಡಿಯುವಾಗಿನ 'ನಾಳೆಯಿಂದ' ಬಟ್ಟೆ ಬದಲಿಸಿಕೊಂಡು ಬಂದಿತ್ತು ಅಷ್ಟೆ.

ಒಂದು ಭಾನುವಾರ ಅಣ್ಣನೇ ಅವತ್ತಿನ ಮಾತು ತೆಗೆದ.

"ತಪ್ಪು ನಂದೇ ಕಣ್ಲಾ. ನೀನು ಅರ್ಥ್ ಹಾಕಿದ್ದೆ, ಸರಿ. ಆದ್ರೆ ಮುಟ್ಟೋಕೆ ಮುಂಚೆ ಟೆಸ್ಟರ್ ಇಟ್ಟು ನೋಡ್ಬೇಕಿತ್ತು ನಾನು. ಇಷ್ಟು ವರ್ಷದ ಸರ್ವಿಸು, ಅಷ್ಟು ಗೊತ್ತಾಗ್ಲಿಲ್ಲ. ಕೂತಾಗೆಲ್ಲ ಅದೇ ಬತ್ತದೆ."

ನನ್ನ ಕೈಯಲ್ಲಿ ಲೋಟ ಇತ್ತು. ಕೆಳಗಿಟ್ಟೆ.

"ಅಣ್ಣ, ನಾನು ಅರ್ಥ್ ಹಾಕಿರ್ಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ. "ಏನು?"

"ಹಾಕಿರ್ಲಿಲ್ಲ. ಗೋಡೆ ಹಿಂದೆ ಕುಡೀತಾ ನಿಂತಿದ್ದೆ. ಆಯ್ತು ಅಂತ ಸುಳ್ಳು ಹೇಳ್ದೆ. ನಿನ್ನ ಆಟೋದಲ್ಲಿ ಕಳಿಸಿದ ಮೇಲೆ ಸರಪಳಿ ಹಾಕ್ದೆ. ನಿನ್ನ ತಪ್ಪು ಏನೂ ಇಲ್ಲ ಅಣ್ಣ."

ಅಣ್ಣ ನನ್ನನ್ನೇ ನೋಡಿದ. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತಿಗೆ ಹೊರಗೆ ಬಂದರು. "ನಮ್ಮನೇಲಿ ಉಂಡ್ಯಲ್ಲೋ! ವಾರ ವಾರ ಬಂದು ಈ ಕೈ ನೋಡ್ಕಂಡು ಉಂಡ್ಯಲ್ಲೋ!" ಅಂದರು. ಲೋಟವನ್ನು ಎತ್ತಿ ಅಂಗಳಕ್ಕೆ ಎಸೆದರು.

"ಹೊರಡು" ಅಂದ ಅಣ್ಣ. ದನಿ ಏರಿಸಲಿಲ್ಲ. "ಈಗ ಹೊರಡು. ಏನಾರ ಮಾಡ್ಬುಟ್ಟೇನು."

ಸಿರಾಕ್ಕೆ ಬರುವ ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ: ಈಗಂತೂ ಕುಡಿಯಲು ಕಾರಣ ಸಿಕ್ಕಿತಲ್ಲ. ನಿಜ ಹೇಳಿಯೂ ಛೀಮಾರಿ ಹಾಕಿಸಿಕೊಂಡೆ, ನನ್ನಂಥವನ ಹಣೆಬರಹವೇ ಇಷ್ಟು. ಆ ಮಾತಿನ ಸವಿಯನ್ನು ನಾನು ಗುರುತು ಹಿಡಿದೆ. ಹಳೆಯ ಗೆಳೆಯ. ಬಂದೆಯಾ ಅಂದೆ, ಜೊತೆಗೆ ಹೋಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿ, "ಆಫೀಸಲ್ಲೂ ಹೇಳ್ತೀರಾ?" ಅಂದಳು.

"ಕೆಲ್ಸ ಹೋಗ್ಬೋದು."

"ಅದು ನಂಗೂ ಗೊತ್ತು. ಹೇಳ್ತೀರಾ ಅಂತ ಕೇಳ್ದೆ."

ಸೋಮವಾರ ಸಾಹೇಬರ ಮುಂದೆ ನಿಂತು ಹೇಳಿಕೆ ಬರೆದುಕೊಟ್ಟೆ. ಅವರು ಎರಡು ಸಲ ಓದಿದರು. "ಯಾರೂ ಕೇಳಿರಲಿಲ್ಲ. ಮುಗಿದುಹೋಗಿತ್ತು. ಯಾಕ್ರೀ ಬರೆದ್ರಿ?" ಅಂದರು. ಅಣ್ಣನ ಫೈಲಿನಲ್ಲಿ ಅವನೂ ಟೆಸ್ಟರ್ ಇಟ್ಟು ನೋಡಲಿಲ್ಲ ಅಂತ ಒಂದು ಸಾಲಿದೆ ಸಾರ್, ನನ್ನ ಸುಳ್ಳು ನಂಬಿ ಅವನು ನೋಡಲಿಲ್ಲ ಅಂದೆ. ಸಸ್ಪೆಂಡ್ ಆದೆ. ವಿಚಾರಣೆ ನಡೆಯಿತು. ಛತ್ರದ ಮಾಲೀಕ ಎದುರಿಗೇ ಬಾಯಿಗೆ ಬಂದಂತೆ ಬೈದ, ಬೈಸಿಕೊಂಡೆ. ಜೊತೆಯ ಲೈನ್‌ಮನ್‌ಗಳು ನನ್ನ ಜೊತೆ ಕಂಬಕ್ಕೆ ಬರಲು ಒಪ್ಪಲಿಲ್ಲ. ಅದು ನ್ಯಾಯವೇ. ಕೊನೆಗೆ ಕೆಲಸ ಉಳಿಯಿತು, ಬಡ್ತಿ ಹೋಯಿತು, ಪಾವಗಡಕ್ಕೆ ಎತ್ತಿಹಾಕಿದರು.

ಈಗ ಇರುವುದು ಇಲ್ಲೇ, ವಳ್ಳೂರಿನ ಕಡೆ. ಎತ್ತ ನೋಡಿದರೂ ಸೋಲಾರ್ ಪ್ಯಾನೆಲ್ಲು, ಮಧ್ಯಾಹ್ನ ಕಣ್ಣು ಬಿಡಲಾಗದ ಬೆಳಕು. ಜೊತೆಗಾರ ತೆಲುಗು ಬೆರೆಸಿ ಮಾತಾಡುತ್ತಾನೆ. ಮೊದಲ ದಿನವೇ ಅವನಿಗೆ ನನ್ನ ಕತೆಯನ್ನೆಲ್ಲ ಹೇಳಿದೆ, ಗೊತ್ತಿದ್ದು ಜೊತೆಗೆ ಬರಲಿ ಅಂತ. ಅವನು, "ಸರೇಲೇ ಅಣ್ಣಾ, ಒಬ್ಬರ ಕೆಲ್ಸ ಒಬ್ಬರು ನೋಡಾನ" ಅಂದ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಕೆಲವು ದಿನ ಅದರಲ್ಲಿ ಹತ್ತೊಂಬತ್ತು ನಿಮಿಷ ನನ್ನ ಜೊತೆಗೇ ಜಗಳ.

ಒಂದು ವರ್ಷಕ್ಕೂ ಹೆಚ್ಚು ಕಳೆದ ಮೇಲೆ ಅಣ್ಣ ಫೋನ್ ಮಾಡಿದ. ಹೆಸರು ನೋಡಿ ಎದ್ದು ನಿಂತೆ.

"ಕುಡೀತಿದ್ದೀಯಾ?"

"ಇಲ್ಲಣ್ಣ."

"ಸರಿ. ನಿನ್ನ ನಾನು ಕ್ಷಮಿಸಿಲ್ಲ ಕಣ್ಲಾ, ತಿಳ್ಕ. ಕೂತಾಗ ನಿನ್ನ ಮುಖ ಬತ್ತದೆ, ಸಿಟ್ಟು ಬತ್ತದೆ. ನೋಡ್ತೀನಿ. ಒಂದಿನ ಹೋಗ್ಬೋದು, ಹೋಗ್ದೇನೂ ಇರ್ಬೋದು." ಆಮೇಲೆ ಹೇಳಿದ: "ಆದ್ರೆ ನಂದೇ ತಪ್ಪು ಅಂತ ಕೊರೀತಿತ್ತಲ್ಲ, ಅದು ಹೋಯ್ತು. ಅದನ್ನ ಹೇಳಾನ ಅಂತ ಮಾಡ್ದೆ."

ನನ್ನ ಮಾತಿಗೆ ಕಾಯದೆ ಫೋನ್ ಇಟ್ಟ.

ಆಮೇಲೆ ಮೂರು ನಾಲ್ಕು ಸಲ ಮಾತಾಡಿದ್ದೇವೆ. ಮಳೆ, ಮಕ್ಕಳ ಓದು, ಅವನು ಈಚೆಗೆ ಸಾಕಿರುವ ಮೇಕೆಗಳು. ಹೋದ ತಿಂಗಳು ಒಂದು ಮೇಕೆ ಎರಡು ಮರಿ ಹಾಕಿತಂತೆ. ಬಂದು ನೋಡು ಅಂತ ಇನ್ನೂ ಅಂದಿಲ್ಲ. ಬರಲಾ ಅಂತ ನಾನೂ ಕೇಳಿಲ್ಲ.