ಎರಡನೆಯ ಏಟು

ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕುವುದಿಲ್ಲ, ಮುಂದೆ ಮಾಡುತ್ತಾರೆ. ವ್ಯತ್ಯಾಸ ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಹಾಕಿದ ಬಾಗಿಲು ಬಂದವನಿಗೆ ಹೋಗು ಎನ್ನುತ್ತದೆ. ಮುಂದೆ ಮಾಡಿದ ಬಾಗಿಲು ಸ್ವಲ್ಪ ನಿಲ್ಲು, ಕೂಗಿ ಒಳಗೆ ಬಾ ಎನ್ನುತ್ತದೆ. ಚಿಲಕ ಬೇಡ, ಕೀಲಿ ಬೇಡ, ಎರಡು ಕದಗಳನ್ನು ಒಂದಕ್ಕೊಂದು ತಾಗಿಸಿದರೆ ಸಾಕು, ಮನೆ ಮಲಗಿದೆ ಎಂದು ಓಣಿಗೆಲ್ಲ ತಿಳಿಯುತ್ತಿತ್ತು. ನೆರೆಯವರು ಕೂಗಿ ಬರುತ್ತಿದ್ದರು, ಕೋಳಿಗಳು ಮಾತ್ರ ಕೂಗದೆ ನುಗ್ಗುತ್ತಿದ್ದವು. ಇಷ್ಟು ತೆಳ್ಳನೆಯ ನಂಬಿಕೆಯ ಮೇಲೆ ತಲೆಯಿಟ್ಟು ನಾವೆಲ್ಲ ಎಷ್ಟು ಮಧ್ಯಾಹ್ನಗಳನ್ನು ನಿದ್ದೆಯಲ್ಲಿ ಕಳೆದೆವೋ. ನನ್ನ ಮಟ್ಟಿಗೆ ಆ ನಂಬಿಕೆ ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಮುಗಿಯಿತು. ಆಮೇಲೆ ಸಂಶಯವೇ ನನ್ನ ಸ್ವಭಾವವಾಯಿತು. ನಾನು ತುಂಬ ಪ್ರೀತಿಸುತ್ತಿದ್ದ ಅತ್ತೆಯನ್ನೇ ಹತ್ತು ವರ್ಷ ಸಂಶಯಿಸಿದೆ.

ಅತ್ತೆಯೆಂದರೆ ಅಪ್ಪನ ತಂಗಿ, ಚಂದ್ರವ್ವ. ಕಬ್ಬೂರಿನಾಚೆ, ಕಬ್ಬಿನ ಹೊಲದ ನಡುವೆ ಅವಳ ಮನೆ. ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದ ನಾನು ಪರೀಕ್ಷೆಗೆ ಓದಿಕೊಳ್ಳಲು ಅಲ್ಲಿಗೆ ಹೋಗಿದ್ದೆ. ಮಾಮ ಗೊಬ್ಬರ ತರಲು ಪೇಟೆಗೆ ಹೋಗಿದ್ದರು. ಊಟವಾಗಿತ್ತು, ಬಾಗಿಲು ಮುಂದೆ ಮಾಡಿತ್ತು. ನಾನು ಹಿತ್ತಲ ಬೇವಿನ ನೆರಳಿನಲ್ಲಿ ಪುಸ್ತಕ ಹಿಡಿದು ಕುಳಿತಿದ್ದೆ. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಸರಿಸುತ್ತಿದ್ದಳು. ಆ ಸದ್ದು ನಿಂತಿತು. ನಂತರ ಒಳಕೋಣೆಯಿಂದ ಅವಳ ದನಿ: "ಯಾಂವಲೇ ಅಂವ?" ಒಡನೆ ದಪ್ಪನೆಯ ಒಂದು ಸಪ್ಪಳ, ಏನೋ ಉರುಳಿದ ಹಾಗೆ. ಅದರ ಹಿಂದೆಯೇ ಗಂಡಸಿನ ಸಣ್ಣ ದನಿ: "ನಕೋ ಬಾಯಿ, ನಕೋ." ಬೇಡ ತಾಯಿ, ಬೇಡ. ನಮ್ಮ ಕಡೆಯವರಿಗೆ ಅಷ್ಟು ಮರಾಠಿ ಹುಟ್ಟಿನಿಂದಲೇ ಬರುತ್ತದೆ. ಒಂದು ಉಸಿರು ಎಳೆದು ಬಿಡುವಷ್ಟು ಮೌನ. ಮತ್ತೆ ಅದೇ ಸಪ್ಪಳ.

ನಾನು ಓಡಿಹೋದಾಗ ಅತ್ತೆ ಅಗಳಿ ಹಿಡಿದು ನಿಂತಿದ್ದಳು. ಅಗಳಿಯೆಂದರೆ ರಾತ್ರಿ ಬಾಗಿಲಿಗೆ ಅಡ್ಡ ಹಾಕುವ ದಪ್ಪ ಮರದ ತುಂಡು. ಹಗಲೆಲ್ಲ ಗೋಡೆಗೆ ಒರಗಿ ನಿಂತಿರುತ್ತಿತ್ತು. ಬೀಸುಕಲ್ಲಿನ ಪಕ್ಕದಲ್ಲಿ ಒಬ್ಬ ಬಿದ್ದಿದ್ದ. ಟ್ರಂಕಿನ ಮುಚ್ಚಳ ತೆರೆದು, ಸೀರೆಯೊಂದರ ಸೆರಗು ಹೊರಗೆ ಜೋತಿತ್ತು. ಅವನೇ ತೆರೆದನೋ, ಬೆಳಿಗ್ಗೆ ಅತ್ತೆಯೇ ಸೀರೆ ತೆಗೆದು ಮುಚ್ಚದೆ ಬಿಟ್ಟಿದ್ದಳೋ, ಇಂದಿಗೂ ನನಗೆ ಗೊತ್ತಿಲ್ಲ. ಮರುದಿನ ಆಸ್ಪತ್ರೆಯಲ್ಲಿ, ಎಚ್ಚರ ಬಾರದೆಯೇ, ಅವನು ತೀರಿಕೊಂಡ. ಕಾಗವಾಡದಾಚೆ, ಗಡಿಯ ಆ ಕಡೆಯ ಊರಿನವನು, ಕಬ್ಬು ಕಡಿಯಲು ಬಂದವನು. ಹಿಂದೊಮ್ಮೆ ಕಳವಿನಲ್ಲಿ ಸಿಕ್ಕಿಬಿದ್ದವನು ಎಂದು ಪೊಲೀಸರು ಹೇಳಿದರು. ನೀರು ಕೇಳಲು ಹೋಗಿದ್ದ ಎಂದು ಅವನ ಜೊತೆಯವರು ಹೇಳಿದರು. ಕಳ್ಳನಿಗೂ ನೀರಡಿಕೆಯಾಗುತ್ತದೆ, ನೀರಿಗೆ ಬಂದವನ ಕಣ್ಣೂ ಟ್ರಂಕಿನ ಮೇಲೆ ಬೀಳುತ್ತದೆ. ಎರಡೂ ಮಾತು ನಿಜವಿರಬಹುದಲ್ಲವೇ?

ಜಾಮೀನಿನ ಮೇಲೆ ಬಂದ ಅತ್ತೆಯನ್ನು ಮಾಮ ಚಿಕ್ಕೋಡಿಯ ವಕೀಲರೊಬ್ಬರ ಹತ್ತಿರ ಕರೆದೊಯ್ದರು, ನಾನೂ ಹೋದೆ. ವಕೀಲರು ಕನ್ನಡಕ ಒರೆಸುತ್ತ ನಿಧಾನವಾಗಿ ಹೇಳಿದರು: "ಮನಿ ಹೊಕ್ಕಾಂವನ್ನ ತಡಿಯೂ ಹಕ್ಕು ಕಾನೂನ ಕೊಟ್ಟೈತ್ರಿ. ಜೀವಕ್ಕ ಬಂತು ಅನ್ನೂವಂಥಾ ಅಂಜಿಕಿ ಇದ್ರ ಕೊಲ್ಲೂ ಹಕ್ಕೂ ಐತಿ. ರಾತ್ರಿ ಮನಿ ಮುರದು ಬಂದ್ರ ಒಂದು, ಹಗಲ ಹೊತ್ತು ಮುಂದ ಮಾಡಿದ ಬಾಗಲಾ ದೂಡಿ ಬಂದ್ರ ಬ್ಯಾರೇ. ಆದ್ರ ಅಂವ ನೆಲಕ್ಕ ಬಿದ್ದ ಅಂದ್ರ ಅಂಜಿಕಿ ಮುಗೀತು, ಹಕ್ಕೂ ಮುಗೀತು. ಮೊದಲನೇ ಏಟು ಕಾನೂನಿಂದು. ಎರಡನೇದು ನಿಮ್ಮದು."

ಕನ್ನಡಕ ಹಾಕಿಕೊಂಡು ಕಾಗದ ತಿರುವಿದರು. ಅವರೇ ಮುಂದುವರಿಸಿದರು: "ತಲಿಗೆ ಎರಡ ಗಾಯ ಅದಾವು. ಒಂದು ಏಟಿಂದು. ಇನ್ನೊಂದು ಬೀಳೂವಾಗ ಬೀಸುಕಲ್ಲು ಬಡದದ್ದು. ಹೌದಲ್ರಿ ಬಾಯಾರ?"

ಅತ್ತೆ ಬಾಯಿ ತೆರೆದಳು. ತೆರೆದು ನನ್ನತ್ತ ನೋಡಿದಳು. ಆ ನೋಟವನ್ನು ನಾನು ಬೇಡಿಕೆ ಎಂದು ಓದಿದೆ. ಅವಳಿಗಿಂತ ಮೊದಲೇ ಹೇಳಿಬಿಟ್ಟೆ: "ನಾ ಒಂದ ಸಪ್ಪಳ ಕೇಳೀನ್ರಿ." ಅತ್ತೆ ಬಾಯಿ ಮುಚ್ಚಿದಳು.

ಅದೇ ಮಾತನ್ನು ಮುಂದೆ ಬೆಳಗಾವಿಯ ಕೋರ್ಟಿನಲ್ಲಿಯೂ ಹೇಳಿದೆ. ಸರಕಾರಿ ವಕೀಲರು ತಿರುಗಿಸಿ ತಿರುಗಿಸಿ ಕೇಳಿದರು. ಎಷ್ಟು ಸಪ್ಪಳ, ಯಾರ ದನಿ, ಏನು ಮಾತು. ಒಂದು ಸಪ್ಪಳ, ಅತ್ತೆಯ ದನಿ, ಬೇರೇನೂ ಇಲ್ಲ. ನಾಲಿಗೆ ಎಲ್ಲಿಯೂ ತಡವರಿಸಲಿಲ್ಲ. ನನಗೆ ಅಷ್ಟು ಚೆನ್ನಾಗಿ ಸುಳ್ಳು ಬರುತ್ತದೆಂದು ಅದಕ್ಕೆ ಮೊದಲು ತಿಳಿದಿರಲಿಲ್ಲ.

ಹೊರಗೆ ಬಂದಾಗ ಪಡಸಾಲೆಯ ಕಂಬದ ಹತ್ತಿರ ಸತ್ತವನ ಅಣ್ಣ ನಿಂತಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ನನ್ನನ್ನು ಕೇಳಿದ: "ಬಾಯಿ, ಕೇಸ್ ಹೆಂಗರ ಆಗಲಿ. ಅಂವ ಕಡೀಕ ಏನರ ಅಂದನೇನ್ರಿ? ಅವ್ವ ಕೇಳಾಕತ್ತಾಳ."

"ನಾ ಏನೂ ಕೇಳಿಲ್ರಿ," ಎಂದೆ.

ಅವನು ತಲೆಯಾಡಿಸಿ ಟೋಪಿ ಹಾಕಿಕೊಂಡು ಹೋದ. ಕೋರ್ಟಿನಲ್ಲಿ ಹೇಳಿದ್ದು ಅತ್ತೆಯನ್ನು ಉಳಿಸಲು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಲ್ಲೆ. ಈ ಮಾತು ಯಾರನ್ನು ಉಳಿಸಿತು?

ಬೀಸುಕಲ್ಲಿನಿಂದ ಅಂಥ ಗಾಯ ಆಗಬಹುದೆಂದು ಡಾಕ್ಟರರೂ ಒಪ್ಪಿದ್ದರಿಂದ ಅತ್ತೆ ಬಿಡುಗಡೆಯಾದಳು. ಊರಿನವರು ಹೆಮ್ಮೆಪಟ್ಟರು. ನಾನು ಮಾತ್ರ ಆ ಮೌನವನ್ನು, ಎರಡು ಸಪ್ಪಳಗಳ ನಡುವಿನ ಆ ಒಂದು ಉಸಿರನ್ನು, ಹಗಲಿರುಳು ಅಳೆಯುತ್ತ ಉಳಿದೆ. ಅಂಜಿದ ಕೈ ಎರಡು ಸಲ ಎದ್ದರೆ ನಡುವೆ ಬಿಡುವೆಲ್ಲಿರುತ್ತದೆ? ಬಿಡುವಿತ್ತೆಂದರೆ ಅವಳು ಯೋಚಿಸಿದಳು, ಯೋಚಿಸಿದಳೆಂದರೆ ಅವನ ಬೇಡಿಕೆ ಕೇಳಿಸಿಕೊಂಡಳು, ಕೇಳಿಸಿಕೊಂಡೂ ಹೊಡೆದಳು. ಸ್ನೇಹಿತರೇ, ಮನೆಯೊಳಗೆ ಬಂದ ಅಪರಿಚಿತನ ಎದುರು ನಿಂತ ಹೆಂಗಸಿಗೆ ತಕ್ಕಡಿ ಹಿಡಿದು ನಿಲ್ಲು ಎನ್ನುವುದು ಅನ್ಯಾಯ, ಒಪ್ಪುತ್ತೇನೆ. ನ್ಯಾಯಾಧೀಶರು ವರ್ಷಗಟ್ಟಲೆ ತೂಗುವುದನ್ನು ಅವಳು ರೆಪ್ಪೆ ಬಡಿಯುವುದರಲ್ಲಿ ತೂಗಬೇಕು. ಆದರೆ ನೆಲಕ್ಕೆ ಬಿದ್ದು ಬೇಡವೆಂದವನಿಗೆ ಸಾಕ್ಷಿಯಾಗಿ ಇದ್ದದ್ದು ನನ್ನ ಎರಡು ಕಿವಿ ಮಾತ್ರ, ಅವುಗಳನ್ನೂ ನಾನು ಅವನಿಂದ ಕಸಿದುಕೊಂಡಿದ್ದೆ.

ಅತ್ತೆಯ ಮನೆಗೆ ಹೋಗುವುದು ಕಡಿಮೆಯಾಯಿತು. ಹೋದಾಗಲೂ ಅವಳ ಕೈಗಳನ್ನು ನೋಡುತ್ತಿದ್ದೆ. ಅವಳು ನನ್ನ ಮುಂದೆ ಉಣ್ಣಲು ಕೂಡುತ್ತಿರಲಿಲ್ಲ. ಬಡಿಸಿ, ಕೆಲಸದ ನೆವ ಹೇಳಿ ಒಳಗೆ ಹೋಗುತ್ತಿದ್ದಳು. ತಪ್ಪಿತಸ್ಥೆಯ ಲಕ್ಷಣ ಎಂದುಕೊಂಡೆ.

ತೊಂಬತ್ತರ ದಶಕದ ಕೊನೆಯಲ್ಲಿ, ರಾಯಬಾಗದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಾಗ, ಒಂದು ರವಿವಾರ ಹೋದೆ. ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನಾನೂ ಮೊರದ ಈಚೆ ಕುಳಿತೆ. ತಲೆಯೆತ್ತದೆ ಅವಳೇ ಅಂದಳು: "ನೀ ಎರಡ ಕೇಳಿದ್ದಿ. ನಂಗ ಗೊತ್ತೈತಿ."

ನನ್ನ ಕೈ ನಿಂತಿತು.

"ಅವತ್ತ ವಕೀಲರ ಮುಂದ ನಾ ಖರೇ ಹೇಳಾಕ ಬಾಯಿ ತಗದಿದ್ದೆ. ನೀನ ನಡಕ ಬಂದಿ. ನೀ ಒಂದ ಅಂದಮ್ಯಾಲ ನಾ ಎರಡ ಅಂದ್ರ ನೀ ಸುಳ್ಳಾಗತಿದ್ದಿ. ಸುಮ್ಮನಾದೆ."

"ಏನ ಹೇಳಾಕ ಹೊಂಟಿದ್ದಿ ಅತ್ತಿ?"

"ಅಂವ ಬಿದ್ದಾಂವ ನಕೋ ಅಂದ. ನಾ ಅಗಳಿ ಇಳಿಸೀನಿ. ಇಳಿಸಿ ನೋಡತೀನಿ, ಬಾಯಿ ನಕೋ ಅನ್ನಾಕತ್ತೈತಿ, ಕೈ ಟ್ರಂಕಿನ ಬಾಜೂಕಿದ್ದ ಕುಡಗೋಲಿಗೆ ಹೋಗ್ಯಾದ. ನೀ ಹಿತ್ತಲದಾಗ ಒಬ್ಬಾಕಿ ಇದ್ದಿ." ಅವಳು ಸಿಪ್ಪೆಗಳನ್ನು ಒಂದು ಕಡೆ ಒತ್ತಿದಳು. "ಬಿಡಿಸಿಕೊಂಡ ಬಂದ್ರಿ, ಖರೆ. ಯಾಕ ಹೊಡದಿ ಅಂತ ಒಬ್ಬರೂ ಕೇಳಲಿಲ್ಲ. ನೀನೂ ಕೇಳಲಿಲ್ಲ. ನಿನ್ನ ಮಾರಿ ನೋಡಿದ್ರ ತುತ್ತ ಇಳೀತಿರಲಿಲ್ಲ ನಂಗ."

ಹತ್ತು ವರ್ಷ ನಾನು ಅಳೆದ ಆ ಮೌನದೊಳಗೆ ಹೀಗೊಂದು ದಯೆ, ಹೀಗೊಂದು ಭಯ ಇದ್ದಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅವಳ ಕೈ ಹಿಡಿದುಕೊಳ್ಳಬೇಕಿತ್ತು. ಬದಲಿಗೆ ನನ್ನ ಮನಸ್ಸು ಆ ಒಳಕೋಣೆಗೆ ಓಡಿಹೋಗಿ ಹುಡುಕತೊಡಗಿತು. ಟ್ರಂಕು, ಸೆರಗು, ಬೀಸುಕಲ್ಲು ಕಂಡವು. ಕುಡಗೋಲು ಕಾಣಲಿಲ್ಲ. ಕುಡಗೋಲನ್ನು ಅವರು ಸಿಗಿಸುತ್ತಿದ್ದದ್ದು ದನದ ಕೊಟ್ಟಿಗೆಯಲ್ಲಿ, ತೊಲೆಯ ಸಂದಿಯಲ್ಲಿ. ಅಥವಾ ಅಂದು ಒಳಗೆ ತಂದಿಟ್ಟಿದ್ದರೋ? ಬಿದ್ದವನ ಮುಖ ನೋಡಿ ನಿಂತವಳಿಗೆ ಅವನ ಕೈಯಾಚೆ ಏನಿತ್ತೆಂದು ಕಂಡಿತ್ತೋ ಇಲ್ಲವೋ?

ಅತ್ತೆ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

"ನಂಬತೀ ಇಲ್ಲೋ?"

"ನಂಬತೀನಿ ಅತ್ತಿ," ಎಂದೆ. ನಾಲಿಗೆ ಎಲ್ಲಿಯೂ ತಡವರಿಸಲಿಲ್ಲ.