ಕೆಸರಿನಲ್ಲೊಂದು ಹೆಣ್ಣು ನೋಡುವ ಶಾಸ್ತ್ರ

ಹೆಣ್ಣು ನೋಡುವ ಶಾಸ್ತ್ರಕ್ಕೆ ರೇಷ್ಮೆ ಸೀರೆ ಉಟ್ಟು ಕೂತವರನ್ನು ನೋಡಿದ್ದೇನೆ. ಚೂಡಿದಾರ್ ಹಾಕಿಕೊಂಡು ಬಂದು ಅತ್ತೆಯಾಗುವವರ ಹುಬ್ಬು ಮೇಲೇರಿಸಿದವರನ್ನೂ ನೋಡಿದ್ದೇನೆ. ಗಂಬೂಟು ಹಾಕಿಕೊಂಡು ನಿಂತವಳನ್ನು ನೋಡಿದ್ದು ಮಾತ್ರ ಕಳೆದ ತಿಂಗಳು.

ಅವಳು ನನ್ನ ಅಕ್ಕನ ಮಗಳು ವೈದೇಹಿ.

ಗಾಬರಿಯಾಗಬೇಡಿ. ಐಡಿಯಾ ನಮ್ಮದಲ್ಲ, ಗಂಡಿನ ಕಡೆಯವರದೇ. ಹುಡುಗನ ಹೆಸರು ಶ್ರೀನಿಧಿ. ಅವನದು ತಾತನ ಕಾಲದಿಂದ ಟಿ. ನಗರದಲ್ಲಿರುವ ಕನ್ನಡದ ಮನೆ. (ಅಂದರೆ ದೇವರನಾಮ ಕನ್ನಡದಲ್ಲಿ, ಜಗಳ ತಮಿಳಿನಲ್ಲಿ.) ಜಾತಕ ಕೂಡಿತ್ತು. ಫೋಟೋ ಎರಡೂ ಕಡೆ ಒಪ್ಪಿಗೆಯಾಗಿತ್ತು. "ಉಪ್ಪಿಟ್ಟು, ಕೇಸರಿಬಾತು ಎಲ್ಲ ಬೇಡ ಆಂಟಿ. ಕ್ಯಾಶುವಲ್ ಆಗಿ ಮೀಟ್ ಮಾಡೋಣ" ಅಂತ ಹುಡುಗನೇ ಅಕ್ಕನ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ ಹೇಳಿದಾಗ ಅಕ್ಕನಿಗೆ ಖುಷಿಯೋ ಖುಷಿ. ಎಂಥ ಮಾಡರ್ನ್ ಹುಡುಗ! ಯಾವುದೋ ಹೋಟೆಲ್ಲು ಇರಬೇಕು ಅಂದುಕೊಂಡೆವು.

ಅವನು ಹೇಳಿದ್ದು ಚೆಂಗಲ್‌ಪಟ್ಟಿನ ಆಚೆ, ಒಂದು ಹಳ್ಳಿಯ ಪಕ್ಕ ಹೊಸದಾಗಿ ಶುರುವಾದ ಆಫ್-ರೋಡ್ ಪಾರ್ಕು. ಕೆಸರಿನಲ್ಲಿ ಜೀಪು ಓಡಿಸುವುದು, ಟೆಂಟಿನಲ್ಲಿ ಮಲಗುವುದು, ಬೆಳಗ್ಗೆ ಎದ್ದು ಮತ್ತೆ ಕೆಸರು. ಅವನ ಆಫೀಸಿನ ಗೆಳೆಯರು ಆಗಾಗ ಹೋಗುವ ಜಾಗವಂತೆ. ಮಳೆಗಾಲದಲ್ಲಿ ಕ್ರೋಂಪೇಟೆಯ ನಮ್ಮ ಬೀದಿಯಲ್ಲಿ ಪುಕ್ಕಟೆಯಾಗಿ ಸಿಗುವುದಕ್ಕೆ ಇಲ್ಲಿ ಟಿಕೆಟ್ಟು!

"ಹೋಗೋದಾ?" ಅಂದೆ ನಾನು.

"ಹೋಗದೆ? ಇದೂ ಕೈತಪ್ಪಿದ್ರೆ ಆಮೇಲೆ?" ಅಂದಳು ಅಕ್ಕ.

ಅಕ್ಕನ ಆತುರಕ್ಕೆ ಕಾರಣವಿತ್ತು. ನಾವು ಮೈಸೂರಿನ ಕಡೆಯವರು. ರಸ್ತೆ ಮಾಡುವ ಕಂಪನಿಯಲ್ಲಿ ಸೈಟ್ ಇಂಜಿನಿಯರ್ ಆಗಿದ್ದ ಬಾವನ ಕೆಲಸದ ಹಿಂದೆ ಅಕ್ಕ ಈ ತಮಿಳು ಊರಿಗೆ ಬಂದಳು. ಆಮೇಲೆ ಬ್ಯಾಂಕಿನ ಟ್ರಾನ್ಸ್‌ಫರ್ ಹಿಡಿದುಕೊಂಡು ನಾನೂ ಬಂದೆ. ಎರಡು ವರ್ಷದ ಹಿಂದೆ ಬಾವ ಊಟದ ತಟ್ಟೆಯ ಮುಂದೆ ಕೂತಲ್ಲೇ ಹೋಗಿಬಿಟ್ಟರು. ಅಂದಿನಿಂದ ಅಕ್ಕನಿಗೆ ಒಂದೇ ಜಪ, ಇವಳದೊಂದು ಮದುವೆ ಆಗಿಬಿಡಲಿ. ವೈದೇಹಿಯಂತೂ ಅಂದಿನಿಂದ ನಗುವುದನ್ನೇ ಮರೆತಿದ್ದಳು. ಆಫೀಸಿಗೆ ಹೋಗುತ್ತಾಳೆ, ಬರುತ್ತಾಳೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾಳೆ. ಆ ಮನೆಗೆ ಹೋಗಿ ಬಂದರೆ ನನಗೂ ಊಟ ಸೇರುತ್ತಿರಲಿಲ್ಲ.

ಅಂತೂ ಒಂದು ಶನಿವಾರ ಹೊರಟೆವು. ಅಕ್ಕ, ನಾನು, ವೈದೇಹಿ. ಆ ಕಡೆಯಿಂದ ಶ್ರೀನಿಧಿ, ಅವನ ಅಮ್ಮ, ನಾಲ್ಕೈದು ಗೆಳೆಯರು. ಸರ್ವೆ ತೋಪಿನ ನಡುವೆ ನೀಲಿ ಟೆಂಟುಗಳು. ಅದರಾಚೆ ಗದ್ದೆಯಾಗಿದ್ದ ಜಾಗವನ್ನು ಅಗೆದು ನೀರು ಬಿಟ್ಟು ಕಲಸಿ ಇಟ್ಟಿದ್ದರು. ಮೋಡ ಮುಚ್ಚಿ ಹಗಲೇ ಮಂಕಾಗಿತ್ತು. ಅಷ್ಟು ಕೆಸರಿನ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಪುಳಿಯೋಗರೆಯ ಸ್ಟೀಲ್ ಕ್ಯಾರಿಯರ್ ಇಟ್ಟುಕೊಂಡು ಹುಡುಗನ ತಾಯಿ ಕೂತಿದ್ದರು. ಅವರನ್ನು ಮಾಮಿ ಎನ್ನೋಣ. ಎಲ್ಲರೂ ಹಾಗೇ ಕರೆಯುತ್ತಿದ್ದರು.

"ಬಾಮ್ಮಾ, ಯಾಕೆ ನಿಂತಿದೀ? ಮೊದಲು ಸಾಪ್ಪಾಡು ಆಗಲಿ" ಎಂದು, ಪಾರ್ಕಿನವರು ಕೊಟ್ಟ ಗಂಬೂಟು ಹಾಕಿಕೊಂಡು ನಿಂತಿದ್ದ ವೈದೇಹಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೈಯಾರೆ ಬಡಿಸಿದರು. ಒಳ್ಳೆಯ ಹೆಂಗಸು. ಸುಳ್ಳು ಯಾಕೆ ಹೇಳಲಿ?

ಊಟವಾದ ಮೇಲೆ ಶ್ರೀನಿಧಿ ಜೀಪಿನ ಬಾಗಿಲು ತೆಗೆದು, "ಒಂದು ರೌಂಡ್ ಹೋಗೋಣ್ವಾ? ಭಯ ಆಗಲ್ಲ ತಾನೇ?" ಎಂದ.

"ಇಲ್ಲ" ಎಂದು ವೈದೇಹಿ ಹತ್ತಿದಳು.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯ ಸುತ್ತಿನಲ್ಲಿ ಹುಡುಗನಿಗೆ ಹುರುಪು ಹೆಚ್ಚಾಯಿತು. (ಪಕ್ಕದಲ್ಲಿ ಹುಡುಗಿ ಕೂತಿದ್ದರೆ ಯಾವ ಗಂಡಸು ನೆಟ್ಟಗೆ ಗಾಡಿ ಓಡಿಸಿದ್ದಾನೆ?) ಆಳವಿದ್ದ ಕಡೆಗೇ ತಿರುಗಿಸಿದ. ಜೀಪು ನಿಂತೇಬಿಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇದ್ದಲ್ಲೇ ಗಿರಗಿರ ತಿರುಗಿ ಇನ್ನಷ್ಟು ಹೂತುಕೊಂಡಿತು. ಗೆಳೆಯರು ಇಳಿದು ತಳ್ಳಿದರು, ಮುಖಕ್ಕೆಲ್ಲ ಕೆಸರು ಮೆತ್ತಿಸಿಕೊಂಡು ವಾಪಸ್ಸು ಬಂದರು. ಎಳೆಯುವ ಟ್ರಾಕ್ಟರು ಇನ್ನೆಲ್ಲೋ ಇನ್ಯಾರನ್ನೋ ಎಳೆಯಲು ಹೋಗಿತ್ತು. ಶ್ರೀನಿಧಿ ಮತ್ತೆ ಒತ್ತಿದ. ಹೊಗೆ ಬಂತು.

"ಒಂದ್ಸಲ ನಾನು ನೋಡ್ಲಾ?" ಎಂದಳು ವೈದೇಹಿ.

ಅವನು ನಕ್ಕ. ಎಲ್ಲರೂ ನಕ್ಕರು. ಅವಳು ಅಷ್ಟರಲ್ಲಿ ಇಳಿದಾಗಿತ್ತು. ಕೆಸರಿನಲ್ಲಿ ಹಿಡಿತ ಸಿಗಲಿ ಎಂದು ನಾಲ್ಕೂ ಟೈರಿನ ಗಾಳಿ ಸ್ವಲ್ಪ ಸ್ವಲ್ಪ ಬಿಟ್ಟಳು. ಗೆಳೆಯರಿಂದ ಸರ್ವೆ ರೆಂಬೆಗಳನ್ನು ತರಿಸಿ ಚಕ್ರದ ಅಡಿಗೆ ತುರುಕಿದಳು. ಆಮೇಲೆ ಸೀಟಿನಲ್ಲಿ ಕೂತು, ಲೋ ಗೇರಿಗೆ ಹಾಕಿ, ಚೂರು ಮುಂದೆ, ಚೂರು ಹಿಂದೆ, ಮತ್ತೆ ಚೂರು ಮುಂದೆ. ಸದ್ದಿಲ್ಲ, ಹೊಗೆಯಿಲ್ಲ. ಜೀಪು ತಾನಾಗಿಯೇ ಮನಸ್ಸು ಮಾಡಿದ ಹಾಗೆ ಎದ್ದು ಬಂತು. ದಡಕ್ಕೆ ತಂದು ನಿಲ್ಲಿಸಿದವಳು ಬಾಯ್ತುಂಬ ನಗುತ್ತಿದ್ದಳು. ಎರಡು ವರ್ಷವಾಗಿತ್ತು ರೀ, ಆ ನಗು ನೋಡಿ! ನನ್ನ ಕಣ್ಣು ಒದ್ದೆಯಾಯಿತು. ಎದ್ದು ನಿಂತು ಚಪ್ಪಾಳೆ ಹೊಡೆದೆ.

ಅಕ್ಕ ನನ್ನ ತೋಳು ಚಿವುಟಿದಳು.

ಯಾಕೆಂದು ಗೊತ್ತಾಗಲು ಒಂದು ನಿಮಿಷ ಬೇಕಾಯಿತು. ಗೆಳೆಯರು ಶಿಳ್ಳೆ ಹೊಡೆಯುತ್ತಿದ್ದರು. "ಮಚ್ಚಾ, ಇನ್ಮೇಲೆ ನಿನಗೆ ಹಿಂದಿನ ಸೀಟೇ ಡಾ!" ಎಂದು ಒಬ್ಬ ತಮಿಳಿನಲ್ಲಿ ಕೂಗಿದ. ಶ್ರೀನಿಧಿಯೂ ನಕ್ಕ. ಆದರೆ ಮುಖ ಹುಳ್ಳಹುಳ್ಳಗಾಗಿತ್ತು.

"ಇದೆಲ್ಲ ಎಲ್ಲಿ ಕಲಿತೆ ಅಮ್ಮಾ?" ಮಾಮಿ ಕೇಳಿದರು.

"ಅಪ್ಪ ಕಲಿಸಿದ್ರು ಆಂಟಿ. ಭಾನುವಾರ ಸೈಟಿಗೆ ಕರ್ಕೊಂಡ್ ಹೋಗ್ತಿದ್ರು. ಟಾರ್ ಹಾಕದೇ ಇರೋ ರೋಡಲ್ಲಿ ಬಿಟ್ಟು, ಸಿಕ್ಕಿಹಾಕ್ಕೊಂಡ್ರೆ ನೀನೇ ತೆಗಿ ಅಂತಿದ್ರು."

"ಓಹೋ. ಗಂಡುಮಗು ಇಲ್ಲವಲ್ಲ, ಅದಕ್ಕೇ ಇರಬೇಕು" ಎಂದರು ಮಾಮಿ. ಬೈಗುಳವಲ್ಲ, ವ್ಯಂಗ್ಯವಲ್ಲ. ಕ್ಯಾರಿಯರಿನ ಮುಚ್ಚಳ ಹಾಕುತ್ತಾ ಹಾಗೇ ಅಂದರು.

ಸಂಜೆ ಬೆಂಕಿ ಹಾಕಿ ಎಲ್ಲರೂ ಸುತ್ತ ಕೂತರು. ಶ್ರೀನಿಧಿ ಗೆಳೆಯರ ಜೊತೆ ಆ ಬದಿಗೆ ಕೂತ. ಮರುದಿನ ಬೆಳಗ್ಗೆ ಅವನು ಸ್ಟೇರಿಂಗ್ ಮುಟ್ಟಲೇ ಇಲ್ಲ. "ನೀವು ಓಡ್ಸಲ್ವಾ?" ಎಂದು ವೈದೇಹಿಯೇ ಹೋಗಿ ಕೇಳಿದಳು. "ಸುಸ್ತು" ಎಂದ. ಅವಳಿಗೆ ಏನೂ ತಿಳಿಯಲಿಲ್ಲ ಪಾಪ. ವಾಪಸ್ಸು ಬರುವಾಗ ಕಾರಿನಲ್ಲಿ ನನ್ನ ಭುಜಕ್ಕೆ ಒರಗಿ, "ನಲ್ಲವರ್ ದಾನೇ, ಚಿಕ್ಕಮ್ಮ?" ಎಂದಳು. ಒಳ್ಳೆಯವರು ತಾನೇ ಅಂತ. (ನಾಚಿಕೆಯಾದಾಗ ಅವಳಿಗೆ ತಮಿಳೇ ಬರುವುದು.) ಹುಡುಗ ಅವಳಿಗೆ ಹಿಡಿಸಿದ್ದ. ನಾನು ಹೂಂ ಎಂದೆ. ಇನ್ನೇನು ಹೇಳಲಿ?

ಆ ವಾರವೇ ಫೋನು ಬಂತು. ಜಾತಕವನ್ನು ಇನ್ನೊಬ್ಬರಿಗೆ ತೋರಿಸಿದರಂತೆ, ಏನೋ ಚಿಕ್ಕ ತೊಡಕಂತೆ. ಕೂಡಿದ್ದ ಜಾತಕಕ್ಕೆ ತೊಡಕು ಎಲ್ಲಿಂದ ಬಂತು? ನಿಜ ಹೇಳಿದ್ದು ಸಂಬಂಧ ತಂದಿದ್ದ ಹೆಂಗಸು. "ಹುಡುಗಿ ಚೆನ್ನಾಗಿದಾಳೆ, ತುಂಬ ಧೈರ್ಯ. ನಮ್ಮ ಹುಡುಗ ಸ್ವಲ್ಪ ಮೆತ್ತಗೆ" ಅಂದರಂತೆ ಮಾಮಿ. ನಾಲ್ಕು ಜನರ ಮುಂದೆ ಮಗನ ಮರ್ಯಾದೆ ಹೋಯಿತು ಎನ್ನುವುದನ್ನು ಇದಕ್ಕಿಂತ ನಾಜೂಕಾಗಿ ಹೇಳಲು ಸಾಧ್ಯವೇ?

ಅಕ್ಕ ಕುದಿದುಹೋದಳು. "ಟ್ರಾಕ್ಟರ್ ಬರೋವರ್ಗೂ ಸುಮ್ನೆ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡ್ಯಲ್ಲೇ!"

"ಗಾಡಿ ಸಿಕ್ಕಿಹಾಕ್ಕೊಂಡಿತ್ತಮ್ಮಾ. ತೆಗೆದೆ. ಅಷ್ಟೇ."

"ನಿಮ್ಮಪ್ಪನ್ನ ಅನ್ಬೇಕು!" ಎಂದು ಅಕ್ಕ ಅಂದೇಬಿಟ್ಟಳು. ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ವೈದೇಹಿ ಅಳಲಿಲ್ಲ. ಎದ್ದು ಹೋಗಿ ಅಕ್ಕಿ ತೊಳೆದು ಕುಕ್ಕರ್ ಇಟ್ಟಳು. ಆವತ್ತು ನಾನು ಅಕ್ಕನಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಗಂಡ ಸತ್ತ ಮನೆಯಲ್ಲಿ ಕೂತು ಸ್ತ್ರೀ ಸ್ವಾತಂತ್ರ್ಯದ ಭಾಷಣ ಮಾಡುವುದು ನನ್ನಂಥ ಅಂಕಣಕಾರರಿಗೂ ಕಷ್ಟ.

ಮೊನ್ನೆ ಭಾನುವಾರ ಮತ್ತೊಬ್ಬರು ಬಂದಿದ್ದರು. ಈ ಸಲ ಮನೆಯಲ್ಲೇ. ಉಪ್ಪಿಟ್ಟು, ಕೇಸರಿಬಾತು, ರೇಷ್ಮೆ ಸೀರೆ, ಎಲ್ಲ ಕ್ರಮವಾಗಿ. ಹುಡುಗ ಪೋರೂರಿನ ಕಡೆ ಕೆಲಸದಲ್ಲಿದ್ದಾನೆ, ಮಂಡ್ಯದವನು, ಮಾತು ಮೃದು. ಹೊಸ ಕಾರು ತಗೊಂಡಿದ್ದಾನಂತೆ. ಅದರ ಮಾತು ಬಂದಾಗ ವೈದೇಹಿಯ ಕಡೆ ತಿರುಗಿ, "ನಿಮಗೆ ಡ್ರೈವಿಂಗ್ ಬರತ್ತಾ?" ಎಂದು ಕೇಳಿದ.

ಅಕ್ಕನ ಕೈಯಲ್ಲಿದ್ದ ಕಾಫಿ ಲೋಟ ನಿಂತಲ್ಲೇ ನಿಂತಿತು. ನಾನಂತೂ, ಹೇಳೇ ಹುಡುಗಿ, ಗಟ್ಟಿಯಾಗಿ ಹೇಳು ಅಂತ ಮನಸ್ಸಿನಲ್ಲೇ ಕೂಗಿಕೊಂಡೆ.

"ಇಲ್ಲ" ಎಂದಳು ವೈದೇಹಿ. "ನಂಗೆ ಭಯ."

ಯಾರೂ ಹೇಳಿಕೊಟ್ಟಿರಲಿಲ್ಲ, ಆಣೆಗೂ. ಅಕ್ಕ ಕೂಡ ಅವಳ ಮುಖವನ್ನೇ ಪಿಳಿಪಿಳಿ ನೋಡುತ್ತಿದ್ದಳು. ಹುಡುಗನಿಗೆ ಮಾತ್ರ ಮುಖ ಅರಳಿತು. "ಪರವಾಗಿಲ್ಲ ಬಿಡಿ. ಮದುವೆ ಆದ್ಮೇಲೆ ನಾನೇ ಕಲಿಸ್ತೀನಿ. ಏನೂ ಕಷ್ಟ ಇಲ್ಲ" ಎಂದ. ಎಲ್ಲರಿಗೂ ಸಂತೋಷವಾಯಿತು. ಎದ್ದು ಹೋಗುವ ಮುಂಚೆಯೇ ಒಪ್ಪಿಗೆ ಹೇಳಿದರು. ಬರುವ ತಿಂಗಳು ನಿಶ್ಚಿತಾರ್ಥ.

ಹುಡುಗ ಒಳ್ಳೆಯವನೇ. ಕಲಿಸಿಯೇ ಕಲಿಸುತ್ತಾನೆ. ಅವನ ಮನಸ್ಸಿಗೆ ನೋವಾಗದ ಹಾಗೆ ಇವಳು ಎಷ್ಟು ನಿಧಾನವಾಗಿ ಕಲಿಯಬೇಕು, ನಿಮ್ಮಲ್ಲಿ ಯಾರಾದರೂ ಹೇಳುತ್ತೀರಾ?