ಒಂದು ತಟ್ಟಿದರೆ ಬೇರಿಂಗ್, ಎರಡು ತಟ್ಟಿದರೆ ಬೆಲ್ಟ್

ಯಡಿಯೂರು ಕೆರೆಯ ಸುತ್ತ ನಡಿಗೆಗೆ ಬಂದವರು ಇನ್ನೂ ಮಫ್ಲರ್ ಬಿಚ್ಚಿಲ್ಲ. ಪಕ್ಕದ ರಸ್ತೆಯ ಪಂಕಜಾ ಅವರ ಮನೆಯ ಹಿಂಬದಿಯಲ್ಲಿ ಕಾವೇರಿ ನೀರು ಸಂಪಿನ ತೊಟ್ಟಿಗೆ ಬೀಳುತ್ತಿದೆ. ಆ ಸದ್ದನ್ನು ಮುಚ್ಚಿಹಾಕುವಷ್ಟು ಜೋರಾಗಿ ಹಳೆಯ ವಾಷಿಂಗ್ ಮಷಿನ್ನೊಂದು ಗುಡುಗುಟ್ಟುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಬಸವಲಿಂಗಮ್ಮ ಮಷಿನ್ನಿನ ಮುಚ್ಚಳದ ಮೇಲೆ ತಮ್ಮ ಮೊಬೈಲ್ ಇಟ್ಟು ಕಾಯುತ್ತಿದ್ದಾರೆ.

"ಕೇಳಿಸ್ತಾ ಇದೆಯೇನ್ರೀ? ಸ್ಪಿನ್‌ಗೆ ಹಾಕಿದೀನಿ."

ಆ ಕಡೆಯಿಂದ ಏನೂ ಇಲ್ಲ. ಡ್ರಮ್ಮು ಸುತ್ತಿ ಸುತ್ತಿ ನಿಧಾನವಾಗಿ ನಿಲ್ಲುತ್ತದೆ. ಅವರು ಇನ್ನೊಂದು ಸಲ ತಿರುಗಿಸುತ್ತಾರೆ. ಮತ್ತೆ ಏನೂ ಇಲ್ಲ.

"ಏನೇ, ನಿಮ್ಮ ಯಜಮಾನರದು ಇವತ್ತೂ ಮೌನವ್ರತಾನಾ?" ಅಡುಗೆಮನೆ ಬಾಗಿಲಿನಿಂದ ಕೇಳಿದ ಪಂಕಜಾ ಮರುಕ್ಷಣವೇ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಬಸವಲಿಂಗಮ್ಮ ನಗುತ್ತಾರೆ. "ಬಿಡಿ ಅಮ್ಮ. ಮಾತು ಹೋದ್ಮೇಲೂ ಇಷ್ಟು ಸುಮ್ಮನೆ ಇದ್ದೋರಲ್ಲ ಅವರು."

ಆ ಯಜಮಾನರ ಹೆಸರು ಚನ್ನವೀರ. ಬನಶಂಕರಿಯ ದೇವೇಗೌಡ ಪೆಟ್ರೋಲ್ ಬಂಕಿನಾಚೆ ಪುಟ್ಟ ಮಳಿಗೆ ಇಟ್ಟುಕೊಂಡು ವಾಷಿಂಗ್ ಮಷಿನ್ ರಿಪೇರಿ ಮಾಡುತ್ತಿದ್ದವರು. ಆರು ವರ್ಷಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಉಳಿದಿದ್ದು ಎಡಗೈ ಮತ್ತು ಕಿವಿ. ಅಂದಿನಿಂದ ಮಷಿನ್ನುಗಳನ್ನು ಬಿಚ್ಚುವುದು ಬಸವಲಿಂಗಮ್ಮ. ಬಿಚ್ಚುವ ಮುಂಚೆ ಅದನ್ನು ಓಡಿಸಿ ಫೋನಿನಲ್ಲಿ ಸದ್ದು ಕೇಳಿಸುತ್ತಾರೆ. ಜರಗನಹಳ್ಳಿಯ ಮನೆಯಲ್ಲಿ ಮಲಗಿರುವ ಚನ್ನವೀರ ಎಡಗೈಯಲ್ಲಿ ಚಮಚ ಹಿಡಿದು ಸ್ಟೀಲ್ ಲೋಟಕ್ಕೆ ತಟ್ಟುತ್ತಾರೆ. ಒಂದು ಸಲ ತಟ್ಟಿದರೆ ಬೇರಿಂಗ್. ಎರಡು ಸಲ ತಟ್ಟಿದರೆ ಬೆಲ್ಟ್. ಮೂರು, ನೀರು ಹೊರಹಾಕುವ ಪಂಪು. ಒಂದೇ ಸಮನೆ ಟಣಟಣ ಬಾರಿಸಿದರೆ, "ನೀನು ಮಷಿನ್ನನ್ನ ಸಮ ನಿಲ್ಲಿಸಿಲ್ಲ, ಮೊದಲು ಕಾಲು ಸರಿ ಮಾಡು" ಎಂಬ ಬೈಗುಳ.

ಈ ಲೋಟದ ಸದ್ದು ಮೂರು ವಾರಗಳಿಂದ ನಿಂತುಹೋಗಿದೆ.

"ಇದು ಬೇರಿಂಗೇ, ನಂಗೊತ್ತು ಮೇಡಂ," ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾ ಬಸವಲಿಂಗಮ್ಮ ಮೊಬೈಲನ್ನು ಬ್ಲೌಸಿನೊಳಗೆ ಸೇರಿಸುತ್ತಾರೆ. "ಬೀದೀಲಿ ಹೋಗೋರಿಗೂ ಗೊತ್ತಾಗುತ್ತೆ ಈ ಗುಡುಗಿಗೆ. ಆದ್ರೂ ಅವರನ್ನ ಕೇಳ್ದೆ ಸ್ಕ್ರೂ ಬಿಚ್ಚಿಲ್ಲ ನಾನು, ಇವತ್ತಿನವರೆಗೂ. ಕೇಳೋದು ಬಿಟ್ಟುಬಿಟ್ರೆ ಅವರಿಗೆ ಇನ್ನೇನು ಉಳಿಯುತ್ತೆ ಹೇಳಿ? ಮಾತ್ರೆ, ಗಂಜಿ, ಫ್ಯಾನು."

ಬಸವಲಿಂಗಮ್ಮ ಈ ಕೆಲಸಕ್ಕೆ ಬಂದದ್ದು ಟಾರ್ಚ್ ಹಿಡಿಯಲು. ಮಧ್ಯಾಹ್ನ ಹೆಂಗಸರಷ್ಟೇ ಇರುವ ಮನೆಗಳಲ್ಲಿ ಗಂಡಸೊಬ್ಬ ಬಚ್ಚಲುಮನೆಯವರೆಗೆ ಹೋಗುವುದು ಹಲವರಿಗೆ ಮುಜುಗರ. ಅದಕ್ಕೆ ಚನ್ನವೀರ ಹೆಂಡತಿಯನ್ನು ಟಿವಿಎಸ್‌ನಲ್ಲಿ ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದರು. ಇಬ್ಬರ ನಡುವೆ ಟೂಲ್ ಡಬ್ಬ. ಕನಕಪುರ ರಸ್ತೆ ಉದ್ದಕ್ಕೂ ಅವರ ಮಾತು ಮುಗಿಯುತ್ತಿರಲಿಲ್ಲ. "ಆ ಮನೆಯವರು ಸೋಪ್ ಜಾಸ್ತಿ ಹಾಕ್ತಾರೆ, ಈ ಮನೆ ಬೋರ್ ನೀರಿಗೆ ಪೈಪೆಲ್ಲ ಸುಣ್ಣ ಕಟ್ಟಿದೆ ಅಂತಾನೇ ಇರೋರು. ಅಯ್ಯೋ, ಒಂದ್ನಿಮಿಷ ಬಾಯ್ಮುಚ್ರೀ ಅಂತಿದ್ದೆ. ಆಗ ಹಾಗೆ ಅಂದ್ನಲ್ಲ ಅಂತ ಈಗ ಅನ್ಸುತ್ತೆ. ಈಗ ಸಿಗ್ನಲ್‌ನಲ್ಲಿ ಯಾರಾದ್ರೂ ಗಂಡ ಹೆಂಡ್ತಿ ಸ್ಕೂಟರ್ ಮೇಲೆ ಜಗಳ ಆಡ್ತಾ ನಿಂತಿದ್ರೆ, ದಾಟೋಕೆ ಹಸಿರು ಬಂದಿದ್ದೂ ತಿಳಿಯಲ್ಲ ನಂಗೆ."

ದಿನಕ್ಕೆ ನಾಲ್ಕೈದು ಮನೆ. ಜೆ.ಪಿ. ನಗರ, ಬಿಟಿಎಂ, ಉತ್ತರಹಳ್ಳಿಯ ಒಳದಾರಿಗಳು. ಕಂಪನಿಯವರು ನೋಡಿ "ಪಾರ್ಟ್ಸ್ ಬರಲ್ಲ, ಹೊಸದು ತಗೊಳ್ಳಿ" ಎಂದು ಕೈಬಿಟ್ಟ ಹಳೆಯ ಗಟ್ಟಿ ಮಷಿನ್ನುಗಳೇ ಅವರ ಪಾಲಿಗೆ ಬರುವುದು. ಬಸ್ಸಿನಲ್ಲಿ ಟೂಲ್ ಡಬ್ಬ ನೋಡಿದ ಕಂಡಕ್ಟರು "ಏನಕ್ಕಾ, ಗಾರೆ ಕೆಲಸಾನಾ?" ಎಂದು ಕೇಳುವುದುಂಟು. ಮನೆ ಬಾಗಿಲಲ್ಲಿ "ಮೆಕ್ಯಾನಿಕ್ ಹಿಂದೆ ಬರ್ತಿದಾರಾ?" ಎಂದು ಅವರ ಭುಜದಾಚೆ ಇಣುಕುವವರೂ ಇದ್ದಾರೆ. ಆಗೆಲ್ಲ ಅವರ ಉತ್ತರ ಒಂದೇ: "ಅವರು ಫೋನಲ್ಲಿದಾರೆ."

ಈ ಮೂರು ವಾರ ಹಾಗೆ ಹೇಳಿ, ಮರುಮಾತಿಗೆ ಕಾಯದೆ ಒಳಗೆ ನಡೆದುಬಿಡುತ್ತಿದ್ದರಂತೆ. ಮೊದಲ ದಿನ ಚನ್ನವೀರ ಲೋಟ ತಟ್ಟದಿದ್ದಾಗ ನಿದ್ದೆ ಬಂದಿರಬೇಕು ಅಂದುಕೊಂಡರು. ಎರಡನೆಯ ದಿನ ಅವರು ತಡಮಾಡಿ, ಅನುಮಾನಿಸುತ್ತಾ ಮೂರು ಸಲ ತಟ್ಟಿದರು. ಪಂಪು ಬಿಚ್ಚಿ ನೋಡಿದರೆ ಅದರಲ್ಲೇನೂ ದೋಷವಿಲ್ಲ. ಸಂಜೆ ಹೋಗಿ ಅದನ್ನು ಹೇಳಿದ್ದೇ ತಪ್ಪಾಯಿತು. ಚನ್ನವೀರ ಚಮಚವನ್ನು ಹಾಸಿಗೆಯ ಕೆಳಗೆ ತಳ್ಳಿ ಗೋಡೆಯ ಕಡೆ ಹೊರಳಿದರು. ಆಮೇಲೆ ಹೆಂಡತಿಯ ಫೋನು ಬಂದರೆ ಎತ್ತಿ ಎದೆಯ ಮೇಲೆ ಇಟ್ಟುಕೊಳ್ಳುವುದಷ್ಟೇ. ಕೊನೆಕೊನೆಗೆ ಎತ್ತುವುದೂ ಕಡಿಮೆಯಾಯಿತು.

"ಕಿವೀನೂ ಹೋಯ್ತು ಅಂದ್ಕೊಂಡುಬಿಟ್ರು. ನಾನೂ ಅಂದ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ. ರಾತ್ರಿ ಪಕ್ಕದಲ್ಲಿ ಮಲಗಿ ಮೆಲ್ಲಗೆ 'ರೀ' ಅಂದ್ರೆ ತಿರುಗಿ ನೋಡ್ತಾರೆ. ಹಾಗಿದ್ರೆ ನನ್ನ ಮಾತು ಕೇಳುತ್ತೆ, ಮಷಿನ್ ಕೇಳಲ್ಲ. ಇದೆಂಥ ಕಿವುಡು? ಅಥವಾ ನನ್ನ ಜೊತೆ ಕೆಲಸ ಮಾಡೋದೇ ಬೇಡ ಅನ್ಸಿಬಿಡ್ತಾ? ಬಾಯಿ ಇದ್ದಿದ್ರೆ ಕೇಳಬಹುದಿತ್ತು."

ಅದು ಕೇಳದೆಯೇ ತಿಳಿದದ್ದು ಇದೇ ಪಂಕಜಾ ಅವರ ಮನೆಯಲ್ಲಿ, ನಾನು ಅಲ್ಲಿಗೆ ಹೋಗಿಬಂದ ಎರಡು ದಿನಗಳ ಮೇಲೆ. ಇಬ್ಬರೂ ಒಬ್ಬರ ಮಾತನ್ನೊಬ್ಬರು ಕಸಿದುಕೊಂಡು ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ.

ಹೊಸ ಬೇರಿಂಗ್ ಕೂರಿಸಿ ಆಗಿದೆ. ಗುಡುಗು ಹೋಗಿ ಮಷಿನ್ನು ಮೆದುವಾಗಿ ಓಡುತ್ತಿದೆ. ಗಂಡನಿಗೆ ಮಾತ್ರೆ ನೆನಪಿಸಬೇಕು, ಆದರೆ ಬಸವಲಿಂಗಮ್ಮನ ಮೊಬೈಲಿನಲ್ಲಿ ಚಾರ್ಜಿಲ್ಲ. ಅಡುಗೆಮನೆಯ ಗೋಡೆಯಲ್ಲಿರುವ ಲ್ಯಾಂಡ್‌ಲೈನಿನಿಂದ ಮಾಡುತ್ತಾರೆ. ಗೊತ್ತಿಲ್ಲದ ನಂಬರು, ಯಾರೋ ಗಿರಾಕಿ ಇರಬೇಕೆಂದು ಚನ್ನವೀರ ಎತ್ತುತ್ತಾರೆ. ಬಸವಲಿಂಗಮ್ಮ ಬಾಯಿ ತೆರೆಯುವ ಮುನ್ನವೇ ಆ ಕಡೆಯಿಂದ ಟಣ್, ಟಣ್.

"ಬೆಲ್ಟ್ ಅಂತಿದಾರೆ ಅಮ್ಮ!" ಎಂದು ಇವರು ಕಿರುಚಿದರಂತೆ.

"ನಾನು ಹೆದರಿಬಿಟ್ಟೆ, ಕರೆಂಟ್ ಹೊಡೀತೇನೋ ಅಂತ," ಎನ್ನುತ್ತಾರೆ ಪಂಕಜಾ.

ಇನ್ನೊಮ್ಮೆ ಕೇಳಿಸಿ ಖಾತ್ರಿ ಮಾಡಿಕೊಳ್ಳಬೇಕು. ಬೆಲ್ಟ್ ನೋಡಲು ಹಿಂಬದಿಯ ತಗಡು ಬಿಚ್ಚಿ ಓಡಿಸಿದ ಮಷಿನ್ನನ್ನು ಬಸವಲಿಂಗಮ್ಮ ಬಿಟ್ಟು ಬರುವ ಹಾಗಿಲ್ಲ, ಫೋನಿನ ವಯರು ಅಲ್ಲಿಯವರೆಗೆ ಬರುವುದಿಲ್ಲ. ರಿಸೀವರನ್ನು ಬಾಗಿಲಲ್ಲಿ ನಿಂತು ಯಾರಾದರೂ ಹಿಡಿಯಬೇಕು. ಮನೆಯಲ್ಲಿರುವವರು ಪಂಕಜಾ ಒಬ್ಬರೇ, ಅವರು ಮಡಿಯಲ್ಲಿದ್ದಾರೆ. ಅತ್ತೆಯವರ ತಿಥಿ. ಉಟ್ಟ ಮಡಿ ಸೀರೆಯನ್ನು ಅವರು ಎಂದೂ ಮಷಿನ್ನಿಗೆ ಹಾಕಿದವರಲ್ಲ, ಕೈಯಲ್ಲೇ ಒಗೆದು ಗಳುವಿನ ಮೇಲೆ ಹರವಿದ್ದು. ಅಡುಗೆ ಮುಗಿಯುವವರೆಗೆ ಹೊರಗಿನದೇನನ್ನೂ ಮುಟ್ಟುವಂತಿಲ್ಲ.

"ಕೇಳೋಕೂ ನಂಗೆ ಬಾಯಿ ಬರ್ಲಿಲ್ಲ ಮೇಡಂ."

"ಕೇಳ್ಬೇಕೇನೇ? ಮುಖ ನೋಡಿದ್ರೆ ಗೊತ್ತಾಗ್ತಿರ್ಲಿಲ್ವಾ? ಇನ್ನೊಂದು ಸಲ ತಲೆ ಮೇಲೆ ನೀರು ಸುರ್ಕೊಂಡ್ರೆ ಆಯ್ತು ಅಂತ ಹಿಡ್ಕೊಂಡೆ. ಪುರೋಹಿತರು ಬರೋ ಹೊತ್ತಿಗೆ ಪಾಯಸ ತಳ ಹತ್ತಿತ್ತು, ಅದು ಬೇರೆ ವಿಷಯ. ನಮ್ಮತ್ತೆಗೆ ಹೇಗೂ ನನ್ನ ಅಡುಗೆ ಹಿಡಿಸ್ತಿರ್ಲಿಲ್ಲ ಬಿಡು."

ಪಂಕಜಾ ಕೈ ಚಾಚಿ ಹಿಡಿದ ರಿಸೀವರಿನೊಳಗಿಂದ ಮತ್ತೆ ಎರಡೇ ಸದ್ದು. ಬಸವಲಿಂಗಮ್ಮ ಮಷಿನ್ ನಿಲ್ಲಿಸಿ ಬೆಲ್ಟು ತೆಗೆದು ಮಗುಚುತ್ತಾರೆ. ಒಳಮೈಯಲ್ಲಿ ಸಣ್ಣ ಬಿರುಕು. "ಇಷ್ಟು ದಿನ ಗುಡುಗು ಕೇಳಿ ಕೇಳಿ, ಅದು ಹೋಗಿದ್ದೇ ನಂಗೆ ಎಲ್ಲಾ ಸರಿ ಹೋಯ್ತು ಅನ್ಸಿತ್ತು. ಅದರಡಿ ಕುಂಯ್ ಅಂತ ಒಂದೆಳೆ ಸದ್ದು ಇದ್ದಿದ್ದು ನನ್ನ ಕಿವಿಗೆ ಬೀಳ್ಲೇ ಇಲ್ಲ. ಅಷ್ಟು ದೂರ ಮಲಗಿದೋರಿಗೆ ಬಿತ್ತು."

ಹಾಗಾದರೆ ಮೂರು ವಾರ ಆದದ್ದೇನು? ಉತ್ತರ ಹೇಳಿದ್ದು ಮಗಳು ಶಿಲ್ಪಶ್ರೀ. ಮೂರು ವಾರದ ಹಿಂದೆ ಬಸವಲಿಂಗಮ್ಮನ ಹಳೆಯ ಬಟನ್ ಫೋನು ಬಕೆಟ್ಟಿಗೆ ಬಿದ್ದು ಸತ್ತ ಮೇಲೆ, ಆಕೆ ಪ್ರೀತಿಯಿಂದ ಹೊಸ ಮೊಬೈಲ್ ಕೊಡಿಸಿದ್ದಳು. ಅದು ಸುತ್ತಲಿನ ಗದ್ದಲವನ್ನೆಲ್ಲ ತೆಗೆದುಹಾಕಿ ಮನುಷ್ಯರ ಮಾತನ್ನು ಮಾತ್ರ ಕಳಿಸುವಂಥದ್ದು. ಗಂಡನಿಗೆ ತಲುಪುತ್ತಿದ್ದುದು "ಕೇಳಿಸ್ತಾ ಇದೆಯೇನ್ರೀ?" ಎಂಬ ಪ್ರಶ್ನೆ, ಅದರ ಹಿಂದೆ ಬರೀ ನಿಶ್ಶಬ್ದ.

"ಗದ್ದಲ ತೆಗೆದುಹಾಕುತ್ತಂತೆ! ನಮ್ಗೆ ಬೇಕಾಗಿದ್ದೇ ಆ ಗದ್ದಲ ಅಲ್ವೇನೇ ಅಂದೆ ಮಗಳಿಗೆ. ಅವಳು ಅತ್ತೇಬಿಟ್ಲು ಪಾಪ." ಈಗ ಅವರು ಎರಡು ಫೋನು ಹಿಡಿದು ಓಡಾಡುತ್ತಾರೆ. ಮಾತಿಗೆ ಹೊಸದು, ಸದ್ದಿಗೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬಟನ್ನಿನದು.

ಜರಗನಹಳ್ಳಿಯ ಅವರ ಮನೆ ಎರಡನೆಯ ಮಹಡಿಯಲ್ಲಿದೆ. ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಮೆಟ್ಟಿಲು. ಚನ್ನವೀರ ದಿಂಬಿಗೆ ಒರಗಿ ಕುಳಿತಿದ್ದಾರೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಲೋಟ, ಚಮಚ. ಹಣೆಯ ವಿಭೂತಿ ಅಂದು ಬೆಳಿಗ್ಗೆ ಹೆಂಡತಿ ಹಚ್ಚಿದ್ದು. ನಮ್ಮ ಮಾತಿನ ನಡುವೆ ಕೆಳಗಿನ ಮನೆಯಲ್ಲಿ ಮಿಕ್ಸಿ ಶುರುವಾದರೆ ಅವರ ಕತ್ತು ಆ ಕಡೆ ವಾಲುತ್ತದೆ. ಬಸವಲಿಂಗಮ್ಮ ಅವರ ಕಾಲಿನ ಮೇಲಿನ ಹೊದಿಕೆ ಸರಿಮಾಡುತ್ತಾ, "ಅದು ನಮ್ದಲ್ಲ ಬಿಡ್ರೀ," ಎನ್ನುತ್ತಾರೆ.

ನಿಮಗೇನು ಬೇಕು ಎಂದು ಬಸವಲಿಂಗಮ್ಮನನ್ನು ಕೇಳಿದೆ. ಮಾತು ಮರಳಿ ಬರಲಿ ಎನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ಆ ಆಸೆಯನ್ನು ಬಹಳ ಹಿಂದೆಯೇ ಮಡಚಿಟ್ಟಂತಿದೆ.

"ಕೆಳಗಡೆ ಮನೆ ಬೇಕು ಮೇಡಂ. ನೆಲದ ಮೇಲಿರೋದು. ಅಂಗಳದಲ್ಲಿ ಒಂದು ನಲ್ಲಿ, ನೀರು ಹೋಗೋಕೆ ಒಂದು ಮೋರಿ, ಅಷ್ಟು ಸಾಕು. ಮಷಿನ್ನನ್ನೇ ಆಟೋದಲ್ಲಿ ಹಾಕ್ಕೊಂಡು ಬಂದು ಇವರ ಮುಂದೆ ಓಡಿಸ್ತೀನಿ. ಎಡಗೈ ಇಟ್ಟು ನೋಡ್ಲಿ. ಸದ್ದು ಕೇಳೋದು ಬೇರೆ, ಅದು ಅಂಗೈಯಲ್ಲಿ ನಡುಗೋದು ಬೇರೆ. ಆರು ವರ್ಷ ಆಯ್ತು, ಇವರು ಒಂದು ಮಷಿನ್ ಮುಟ್ಟಿ."

ಗಂಡನ ಕಡೆ ನೋಡದೆಯೇ ಸೇರಿಸುತ್ತಾರೆ: "ಆ ಕೈ ಪಕ್ಕದಲ್ಲೇ ನನ್ನ ಕೈಯೂ ಇಡ್ತೀನಿ."